ಗುಂಪಿನ ಸದಸ್ಯರ ಗಮನಕ್ಕೆ: ಅಪರಾಧ ಕಾರ್ಯಕ್ರಮಗಳ ತುಣುಕು ಹಂಚುವ ಮುನ್ನ

ಎಲ್ಲರಿಗೂ ನಮಸ್ಕಾರ. ಕೊಲೆ ಪ್ರಕರಣಗಳ ವಿಡಿಯೋ ತುಣುಕುಗಳ ಕೆಳಗೆ ‘ತಪ್ಪೊಪ್ಪಿಕೊಂಡ ಮೇಲೆ ವಿಚಾರಣೆ ಯಾಕೆ, ಗಲ್ಲಿಗೇರಿಸಿ’ ಎಂಬ ಮಾತುಗಳು ನಮ್ಮ ಗುಂಪಿನಲ್ಲಿ ಹೆಚ್ಚುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಪರದೆಯ ಮೇಲೆ ಪೊಲೀಸರೆದುರಿನ ತಪ್ಪೊಪ್ಪಿಗೆಯೊಂದಿಗೆ ಕಥೆ ಮುಗಿಯುತ್ತದೆ. ನ್ಯಾಯಾಲಯದಲ್ಲಿ ಅದನ್ನು ಸಾಮಾನ್ಯವಾಗಿ ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತೆಯೇ ಇಲ್ಲ. 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂನಲ್ಲಿದ್ದ ಈ ನಿಯಮ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂನಲ್ಲಿಯೂ ಉಳಿದಿದೆ, ಏಕೆಂದರೆ ಹೊಡೆದು ಬಡಿದು ಹೇಳಿಸಿದ ಮಾತನ್ನು ನಂಬಲಾಗದು.

ದೆಹಲಿ ಬಳಿಯ ನೋಯ್ಡಾದಲ್ಲಿ ಒಬ್ಬ ಬಾಲಕಿ ಮತ್ತು ಆ ಮನೆಯ ಕೆಲಸದವನು ಹತರಾದ 2008ರ ಜೋಡಿ ಕೊಲೆ ಪ್ರಕರಣವನ್ನು ನೆನಪಿಸಿಕೊಳ್ಳಿ. ವಿಚಾರಣೆ ಆರಂಭವಾಗುವ ಮೊದಲೇ ವಾಹಿನಿಗಳು ಮೃತ ಬಾಲಕಿಯ ನಡತೆಯನ್ನೂ, ತಾಯಿಯ ಕಣ್ಣಲ್ಲಿ ನೀರು ಬಂತೇ ಇಲ್ಲವೇ ಎಂಬುದನ್ನೂ ಚರ್ಚೆಗಿಟ್ಟವು. ಈ ಕೊಲೆಗಳಿಗಾಗಿ 2013ರಲ್ಲಿ ಜೀವಾವಧಿ ಶಿಕ್ಷೆಗೊಳಗಾದ ಬಾಲಕಿಯ ತಂದೆತಾಯಿಯನ್ನು ಅಲಹಾಬಾದ್ ಹೈಕೋರ್ಟ್ 2017ರ ಅಕ್ಟೋಬರ್‌ನಲ್ಲಿ, ಸಂಶಯದ ಲಾಭ ನೀಡಿ ಖುಲಾಸೆಗೊಳಿಸಿತು. ಅಷ್ಟರೊಳಗೆ ನಮ್ಮಲ್ಲಿ ಅನೇಕರು ಮನಸ್ಸಿನಲ್ಲೇ ತೀರ್ಪು ಬರೆದಾಗಿತ್ತು. ನಾನೂ ಬರೆದಿದ್ದೆ, ಆ ನೋವು ಇಂದಿಗೂ ಇದೆ.

ಇನ್ನು ಮುಂದೆ ತುಣುಕು ಹಾಕುವವರು, ಪ್ರಕರಣವು ತನಿಖೆ, ವಿಚಾರಣೆ, ಮೇಲ್ಮನವಿ ಇವುಗಳಲ್ಲಿ ಯಾವ ಹಂತದಲ್ಲಿದೆ ಎಂಬುದನ್ನು ಒಂದು ಸಾಲಿನಲ್ಲಿ ಜೊತೆಗೆ ಬರೆಯಬೇಕೆಂದೂ, ಮೃತರ ಫೋಟೊಗಳನ್ನು ಹಾಕಬಾರದೆಂದೂ ಕಳಕಳಿಯಿಂದ ವಿನಂತಿಸುತ್ತೇನೆ.