ತಲೆಸುತ್ತಿಗೆ ಮಾತ್ರೆಗಿಂತ ಮೊದಲು ಮಂಚ

ಮಾನ್ಯ ಸಂಪಾದಕರೇ,

ತಲೆಸುತ್ತು ಅಂದರೆ ಸಾಕು, ಪಿತ್ತ, ಬಿಪಿ, ಕತ್ತಿನ ಮೂಳೆ ಸವೆತ ಅನ್ನುವ ಉತ್ತರಗಳು ರೆಡಿ ಇರುತ್ತವೆ. ನಮ್ಮ ಅತ್ತೆಗೂ ಹಾಗೇ ಆಯಿತು. ಹಾಸಿಗೆಯಲ್ಲಿ ಬಲಕ್ಕೆ ಹೊರಳಿದರೆ, ಅಟ್ಟದ ಡಬ್ಬಿ ತೆಗೆಯಲು ಕತ್ತೆತ್ತಿದರೆ ಮನೆಯೆಲ್ಲ ಗಿರ್ರನೆ ತಿರುಗುತ್ತಿತ್ತು. ನಿಮಿಷದೊಳಗೆ ನಿಲ್ಲುತ್ತಿತ್ತು. ಇಲ್ಲಿನ ಒಂದು ಖಾಸಗಿ ಕ್ಲಿನಿಕ್‌ನಲ್ಲಿ ಕತ್ತಿನ ಎಕ್ಸ್‌ರೇ ತೆಗೆಸಿ, ಕಾಲರ್ ಹಾಕಿ, ಮಾತ್ರೆ ಬರೆದುಕೊಟ್ಟರು. ತಿಂಗಳುಗಟ್ಟಲೆ ಅದೇ ಮಾತ್ರೆ. ಅತ್ತೆ ಮಂಕಾದರು, ಸುತ್ತು ಹಾಗೇ ಉಳಿಯಿತು.

ಕೊನೆಗೆ ತುಮಕೂರಿನ ಇಎನ್‌ಟಿ ಡಾಕ್ಟರೊಬ್ಬರು ಅವರನ್ನು ಮಂಚದ ಮೇಲೆ ಕೂರಿಸಿ, ತಲೆಯನ್ನು ಬಲಕ್ಕೆ ತಿರುಗಿಸಿ, ತಟ್ಟನೆ ಹಿಂದಕ್ಕೆ ಮಲಗಿಸಿದರು. ತಲೆ ಮಂಚದ ಅಂಚಿನಿಂದ ಸ್ವಲ್ಪ ಕೆಳಗೆ. "ಕಣ್ಣು ಮುಚ್ಚಬೇಡಿ ಅಮ್ಮಾ" ಅಂದರು. ಎರಡು ಮೂರು ಸೆಕೆಂಡ್ ಏನೂ ಇಲ್ಲ. ಆಮೇಲೆ ಕಣ್ಣುಗುಡ್ಡೆಗಳು ತಾವಾಗಿಯೇ ಪಟಪಟ ತಿರುಗತೊಡಗಿದವು. ಅತ್ತೆ "ಅಯ್ಯೋ ಬಿದ್ದೆ" ಅಂತ ನನ್ನ ಸೆರಗು ಹಿಡಿದರು. ಡಾಕ್ಟರ್ ಮಾತ್ರ ಖುಷಿಯಾಗಿದ್ದರು, ಕಾಯಿಲೆ ಸಿಕ್ಕಿತಲ್ಲ!

ತಲೆ ಹೊರಳಿಸಿದಾಗ ಬರುವ ಈ ಸುತ್ತಿಗೆ ಬಿಪಿಪಿವಿ ಅನ್ನುತ್ತಾರೆ. ಒಳಕಿವಿಯಲ್ಲಿ ಸುಣ್ಣದ ಸಣ್ಣ ಹರಳುಗಳಿವೆ. ವಯಸ್ಸಾದಾಗ, ತಲೆಗೆ ಪೆಟ್ಟಾದಾಗ ಅವು ಜಾಗ ಬಿಟ್ಟು ಪಕ್ಕದ ಬಾಗಿದ ನಾಳಕ್ಕೆ ಜಾರಬಹುದು. ತಲೆ ಆಡಿಸಿದರೆ ಹರಳು ಉರುಳಿ, ನಾಳದ ನೀರು ಕದಡಿ, ಮಿದುಳಿಗೆ ಸುಳ್ಳು ಸುದ್ದಿ ಹೋಗುತ್ತದೆ. ಮಾತ್ರೆ ನುಂಗಿದರೆ ಹರಳು ಜಾಗಕ್ಕೆ ಹೋಗುವುದಿಲ್ಲ ಅಲ್ವಾ? ತಲೆಯನ್ನು ಹಂತ ಹಂತವಾಗಿ ತಿರುಗಿಸಿ ಹರಳನ್ನು ವಾಪಸ್ ಕಳಿಸುವ ವಿಧಾನವನ್ನು ಅಮೆರಿಕದ ಡಾಕ್ಟರ್ ಜಾನ್ ಎಪ್ಲಿ 1992ರಲ್ಲೇ ಪ್ರಕಟಿಸಿದ್ದಾರೆ. ಅತ್ತೆಗೆ ಅದನ್ನು ಆ ಮಂಚದ ಮೇಲೇ ಮಾಡಿದರು. ಸ್ಕ್ಯಾನ್ ಬೇಕಾಗಲಿಲ್ಲ.

ಎಲ್ಲ ಸುತ್ತೂ ಇದೇ ಅಲ್ಲ, ನಿಜ. ಸುತ್ತು ಗಂಟೆಗಟ್ಟಲೆ ಇದ್ದು, ಕಿವಿ ಗುಂಯ್ ಅಂದು ಕೇಳಿಸುವುದು ಕಡಿಮೆಯಾದರೆ ಮೆನಿಯರ್ ಕಾಯಿಲೆ ಇರಬಹುದು, ಕಿವಿಯ ಪರೀಕ್ಷೆ ಮಾಡಿಸಬೇಕು. ದಿನಗಟ್ಟಲೆ ಬಿಡದಿದ್ದರೆ ಒಳಕಿವಿಯ ನರ ಊದಿಕೊಂಡಿರಬಹುದು. ಸುತ್ತಿನ ಜೊತೆ ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಕೈಕಾಲು ಸೋತರೆ ಅದು ಸ್ಟ್ರೋಕ್ ಇರಬಹುದು. ಆಗ ಕಾಯುವ ಮಾತೇ ಇಲ್ಲ, ಆಂಬುಲೆನ್ಸ್ ಕರೆಯಬೇಕು.

ನಾನು ಕೇಳುವುದು ಇಷ್ಟೇ. ಹಿಂದಕ್ಕೆ ಮಲಗಿಸಿ ಕಣ್ಣು ನೋಡುವ ಈ ಪರೀಕ್ಷೆಗೆ ಮಿಷನ್ ಬೇಡ, ಒಂದು ಮಂಚ, ಸ್ವಲ್ಪ ಹೊತ್ತು ಸಾಕು. ಆರೋಗ್ಯ ಇಲಾಖೆ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರ್‌ಗಳಿಗೆ ಇದರ ತರಬೇತಿ ಕೊಡಲಿ. ಅತ್ತೆಗೆ ಮತ್ತೆ ಬರಬಹುದು ಅಂತ ಹೇಳಿದ್ದಾರೆ. ಆಗ ತಲೆ ಎತ್ತಲಾಗದವರನ್ನು ಬಸ್ಸಿನಲ್ಲಿ ತುಮಕೂರಿಗೆ ಕರೆದೊಯ್ಯುವುದು ಸುಮ್ನೆ ಮಾತಲ್ಲ.

– ಒಬ್ಬ ಗೃಹಿಣಿ, ತಿಪಟೂರು