ಕಿಮೋಗೊಂದು ಟೋಕನ್, ರೇಡಿಯೇಷನ್‌ಗೊಂದು

ಮಾನ್ಯರೇ,

ಗರ್ಭಕಂಠದ ಕ್ಯಾನ್ಸರ್‌ಗೆ ನಮ್ಮಕ್ಕನಿಗೆ ನಗರದ ಆಸ್ಪತ್ರೆಯೊಂದರಲ್ಲಿ ಕಿಮೋ, ರೇಡಿಯೇಷನ್ ಎರಡನ್ನೂ ಜೊತೆಜೊತೆಗೇ ಕೊಡುತ್ತಿದ್ದಾರೆ. ‘ಒಂದು ಮುಗಿದ ಮೇಲೆ ಇನ್ನೊಂದು ಕೊಡಬಾರದೆ?’ ಎಂದು ನೋಡಲು ಬಂದವರೆಲ್ಲ ಕೇಳುತ್ತಾರೆ. ಸಿಸ್ಪ್ಲಾಟಿನ್ ಎಂಬ ಕಿಮೋ ಔಷಧ ಮೈಯೊಳಗಿದ್ದರೆ, ವಿಕಿರಣದಿಂದ ಪೆಟ್ಟು ತಿಂದ ಕ್ಯಾನ್ಸರ್ ಕೋಶ ತನ್ನ ಡಿಎನ್‌ಎಯನ್ನು ರಿಪೇರಿ ಮಾಡಿಕೊಳ್ಳುವುದು ಕಷ್ಟ. 1999ರಲ್ಲೇ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಐದು ಪ್ರಯೋಗಗಳ ಫಲಿತಾಂಶ ನೋಡಿ ಈ ಜೋಡಿ ಚಿಕಿತ್ಸೆಯತ್ತ ವೈದ್ಯರ ಗಮನ ಸೆಳೆದಿತ್ತು.

ಆದರೆ ದಿನಗಳ ಲೆಕ್ಕ ಬಿಗಿ. ವಾರಕ್ಕೆ 5 ದಿನ ರೇಡಿಯೇಷನ್, ಒಂದು ದಿನ ಕಿಮೋ, ಕೊನೆಗೆ ಬ್ರಾಕಿಥೆರಪಿ (ವಿಕಿರಣದ ಮೂಲವನ್ನು ದೇಹದೊಳಗೇ ಇಟ್ಟು ಕೊಡುವ ಚಿಕಿತ್ಸೆ). ಎಲ್ಲವೂ 8 ವಾರದೊಳಗೆ ಮುಗಿಯಬೇಕು. ಎಳೆದಷ್ಟೂ ಫಲ ಕಡಿಮೆ. ಇಲ್ಲಿ ನೋಡಿದರೆ ಎರಡಕ್ಕೂ ಬೇರೆ ಬೇರೆ ಸಾಲು. ರಕ್ತಪರೀಕ್ಷೆಯ ವರದಿ ತಡವಾಗಿ ಒಂದು ವಾರದ ಕಿಮೋ ತಪ್ಪಿತು. ಮರುವಾರ ಯಂತ್ರ ಕೆಟ್ಟು 3 ದಿನ ಸುಮ್ಮನೆ ವಾಪಸ್ ಬಂದೆವು. ವಾಂತಿ, ಸುಸ್ತಿನಲ್ಲಿರುವವಳನ್ನು ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿಸಿ ಕರೆತರುವ ಕಷ್ಟ ಬೇರೆ (ಅದನ್ನು ಆಸ್ಪತ್ರೆಯ ತಲೆಗೆ ಕಟ್ಟಲಾರೆ ಬಿಡಿ).

ಎರಡೂ ವಿಭಾಗಕ್ಕೆ ಒಂದೇ ವೇಳಾಪಟ್ಟಿ, ಹಿಂದಿನ ದಿನವೇ ರಕ್ತಪರೀಕ್ಷೆ, ಯಂತ್ರ ಕೆಟ್ಟ ವಾರ ಶನಿವಾರವೂ ಚಿಕಿತ್ಸೆ: ಇಷ್ಟಕ್ಕೆ ಹೊಸ ಕಟ್ಟಡವೇನೂ ಬೇಕಿಲ್ಲ.

– ಓದುಗರೊಬ್ಬರು, ಬೆಂಗಳೂರು