ಪೈಪಿನ ತುಂಡು ಕಳಿಸಿದ್ದೇನೆ, ನೋಡು

ಬಣಕಲ್
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿಗೆ,

ಈ ಕಾಗದದ ಜೊತೆ ಹಳೇ ಬನಿಯನ್ ಬಟ್ಟೆಯಲ್ಲಿ ಸುತ್ತಿದ ಒಂದು ಕಬ್ಬಿಣದ ತುಂಡು ಇದೆ. ಮೊದಲು ಅದನ್ನು ನೋಡು. ಆಮೇಲೆ ಓದು.

ಎರಡು ಪೈಪು ಸೇರಿಸಿ ವೆಲ್ಡ್ ಮಾಡಿ, ಆ ಜಾಯಿಂಟನ್ನು ನಡುವಿಗೆ ಕೊಯ್ದಿದ್ದೇನೆ. ಕೊಯ್ದ ಮುಖವನ್ನು ಎಮೆರಿ ಪೇಪರಿನಿಂದ ತಿಕ್ಕಿದ್ದೇನೆ. ಬೆಳಕಿಗೆ ಹಿಡಿ. ವೆಲ್ಡು ಪೈಪಿನ ಒಳಗಿನವರೆಗೂ ಇಳಿದಿದೆ. ಸೀಳಿಲ್ಲ, ತೂತಿಲ್ಲ. ನಿನ್ನ ರ‍್ಯಾಲಿ ಕಾರು, ಆ ಮಾರುತಿ ಝೆನ್‌ನ ಒಳಗೆ ಎಲ್ಲ ಜಾಯಿಂಟೂ ಹೀಗೇ ಇವೆ. ಹೌದು, ಕೇಜ್ ಆಗಿದೆ, ಗಾಡಿ ಉರುಳಿದರೂ ಒಳಗಿನವರನ್ನು ಕಾಯುವ ಆ ಪೈಪಿನ ಗೂಡು.

ಮುಂದಿನ ಭಾನುವಾರ ಗಾಡಿ ಒಯ್ಯಲು ಟ್ರಕ್ ಕಳಿಸುತ್ತೇನೆ, ಉಳಿದ ಕೆಲಸ ಬೆಂಗಳೂರಿನಲ್ಲೇ ಮಾಡಿಸುತ್ತೇನೆ ಅಂತ ನೀನು ಅಮ್ಮನಿಗೆ ಮೆಸೇಜ್ ಹಾಕಿದ್ದೆ. ಅಮ್ಮ ಓದಿ ಹೇಳಿದಳು. ಅದಕ್ಕೇ ಇವತ್ತು ಬರೆಯಲು ಕೂತೆ. ಆ ದಿನ ಶೆಡ್ಡಿನಲ್ಲಿ ಆದ ಮಾತನ್ನೆಲ್ಲ ಮತ್ತೆ ಬರೆಯುವುದಿಲ್ಲ. ನಿನಗೂ ನೆನಪಿದೆ, ನನಗೂ ನೆನಪಿದೆ. ಹುಡುಗಿಯರ ಬಗ್ಗೆ ನಾನು ಆಡಿದ ಆ ಒಂದು ಮಾತು ಮಾತ್ರ ತಪ್ಪು. ಅದು ನನ್ನ ಮನಸ್ಸಿನಲ್ಲಿದ್ದ ಮಾತಲ್ಲ. ಸಿಟ್ಟಿನಲ್ಲಿ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾರಲ್ಲ, ಹಾಗೆ ಎಸೆದೆ. ನಿನಗೆ ತಾಗಿತು.

ನೀನು ಹೇಳಿದ್ದು ನಿಜ. ಎಂಟು ತಿಂಗಳು ನಾನು ಬೇಕೆಂದೇ ತಡ ಮಾಡಿದೆ. ಕರೆಂಟ್ ಇಲ್ಲ ಅಂದೆ. ಎಸ್ಟೇಟಿನ ಗೇಟ್ ಕೆಲಸ ಬಂತು ಅಂದೆ. ಕುಯ್ಲು ಮುಗಿಯಲಿ ಅಂದೆ. ಸುಮ್ನೆ ಹೇಳಿದ್ದು ಎಲ್ಲ. ಯಾಕೆ ಅಂತ ನೀನು ಕೇಳಿದಾಗ ಹೇಳಲು ಬಾಯಿ ಬರಲಿಲ್ಲ. ಈಗ ಬರೆಯುತ್ತೇನೆ. ಇದನ್ನು ನಿನ್ನ ಅಮ್ಮನಿಗೂ ಪೂರ್ತಿ ಹೇಳಿಲ್ಲ.

ನಿನಗೆ ಒಂಬತ್ತು ವರ್ಷ. ಆಷಾಢದ ಮಳೆ. ರಾತ್ರಿ ಹನ್ನೊಂದರ ಮೇಲೆ ಯಾರೋ ಬಾಗಿಲು ಬಡಿದರು. ಚಾರ್ಮಾಡಿ ಘಾಟಿಯಲ್ಲಿ ಕಾರು ಉರುಳಿದೆ, ಒಳಗೆ ಜನ ಸಿಕ್ಕಿಕೊಂಡಿದ್ದಾರೆ, ಗ್ಯಾಸ್ ಕಟರ್ ತಗೊಂಡು ಬನ್ನಿ ಅಂದರು. ನೀನು ಅಜ್ಜಿಯ ಪಕ್ಕದಲ್ಲಿ ಮಲಗಿದ್ದೆ. ನಾನು ಸಿಲಿಂಡರ್ ಎರಡನ್ನೂ ಜೀಪಿಗೆ ಹಾಕಿಕೊಂಡು ಹೋದೆ.

ಸಣ್ಣ ಕಾರು. ಮಗುಚಿಕೊಂಡು ಬಂಡೆಗೆ ಒರಗಿತ್ತು. ಛಾವಣಿ ಸೀಟಿನವರೆಗೂ ಇಳಿದಿತ್ತು. ಹಿಂದಿನ ಸೀಟಿನಲ್ಲಿ ಒಂದು ಹುಡುಗಿ. ಹದಿನಾರೋ ಹದಿನೇಳೋ ಇರಬಹುದು. ಎಚ್ಚರ ಇತ್ತು. ಪೆಟ್ರೋಲ್ ಸೋರುತ್ತಿತ್ತು, ಆ ಮಳೆಯಲ್ಲೂ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಗ್ಯಾಸ್ ಹಚ್ಚುವ ಹಾಗಿರಲಿಲ್ಲ. ಅಷ್ಟು ದೂರ ಹೊತ್ತು ತಂದ ಕಟರ್ ಸುಮ್ನೆ ಜೀಪಿನಲ್ಲೇ ಇತ್ತು. ನಾನು ಹ್ಯಾಕ್ಸಾ ಬ್ಲೇಡಿನಲ್ಲಿ ಪಿಲ್ಲರ್, ಅಂದರೆ ಛಾವಣಿ ಹೊರುವ ಕಂಬ, ಕೊಯ್ಯಲು ಶುರುಮಾಡಿದೆ. ನಲವತ್ತು ನಿಮಿಷ. ಐದು ಬ್ಲೇಡು ಮುರಿದವು. ಹುಡುಗಿ ನಡುನಡುವೆ ಗಂಟೆ ಎಷ್ಟಾಯ್ತು ಅಂತ ಕೇಳುತ್ತಿದ್ದಳು. ಬೇರೇನೂ ಕೇಳಲಿಲ್ಲ. ಹನ್ನೆರಡೂಕಾಲು ಕಂದಾ, ಹನ್ನೆರಡೂವರೆ ಕಂದಾ ಅಂತ ನಾನು ಹೇಳುತ್ತಿದ್ದೆ. ವಾಚು ನೋಡದೆ ಹೇಳುತ್ತಿದ್ದೆ.

ನನಗೆ ಟಾರ್ಚ್ ಹಿಡಿದು ನಿಂತವನು ಅವಳ ಅಪ್ಪ. ಕಾರು ಓಡಿಸುತ್ತಿದ್ದವನೂ ಅವನೇ. ಅವನಿಗೆ ಹಣೆಯ ಮೇಲೆ ಒಂದು ಗೀರು, ಅಷ್ಟೇ. ನಲವತ್ತು ನಿಮಿಷ ಆ ಬೆಳಕು ನನ್ನ ಬ್ಲೇಡಿನ ಮೇಲಿಂದ ಅಲುಗಲಿಲ್ಲ ಪುಟ್ಟಿ. ಹೊಸ ಕಾರು, ಮೊನ್ನೆ ತಗೊಂಡಿದ್ದು, ಹೊಸ ಕಾರು ಅಂತ ಮಾತ್ರ ಹೇಳುತ್ತಿದ್ದ. ಹುಡುಗಿಯನ್ನು ಹೊರಗೆ ಎಳೆದ ಮೇಲೆ ಟಾರ್ಚ್ ಅವನ ಕೈಯಿಂದ ಬಿತ್ತು. ಆಂಬುಲೆನ್ಸ್ ಮಂಗಳೂರಿಗೆ ಇಳಿಯಿತು. ಅವಳಿಗೆ ಆಮೇಲೆ ಏನಾಯಿತೋ ನಾನು ವಿಚಾರಿಸಲಿಲ್ಲ. ಯಾರಾದರೂ ಹೇಳಲು ಬಂದರೆ ಎದ್ದು ಹೋಗುತ್ತಿದ್ದೆ.

ಕೊಯ್ದ ಪಿಲ್ಲರಿನ ತುದಿಯನ್ನು ಆ ರಾತ್ರಿ ನೋಡಿದ್ದೆ. ಒಂದು ಮಿಲಿಮೀಟರ್ ಆಸುಪಾಸಿನ ತಗಡು ಎರಡು ಪದರ, ಮಡಿಸಿ, ಅಲ್ಲಲ್ಲಿ ಸ್ಪಾಟ್ ಹೊಡೆದದ್ದು. ಒಳಗೆ ಟೊಳ್ಳು. ಅದೂ ಸುಲಭವಾಗಿ ಏನೂ ಕೊಯ್ಯಲು ಬರಲಿಲ್ಲ, ಆದರೆ ಬಂಡೆಗೆ ಬಗ್ಗಿತ್ತು.

ನೀನು ಹಾಸನದಿಂದ 1998ರ ಝೆನ್ ತಂದೆಯಲ್ಲ, ಮೊದಲ ಸಂಬಳದ ದುಡ್ಡಿನಲ್ಲಿ? ಎಲ್ಲರೂ ಬಾನೆಟ್ ಎತ್ತಿ ಎಂಜಿನ್ ನೋಡಿದರು. 993 ಸಿಸಿ, ಸಾಲದು, ಎಸ್ಟೀಮ್‌ನ 1.3 ಎಂಜಿನ್ ಕೂರಿಸಿ ಅಂತ ಒಬ್ಬೊಬ್ಬರೂ ಹೇಳಿದರು. ನಾನು ಬಾಗಿಲ ಹತ್ತಿರ ನಿಂತು ಪಿಲ್ಲರ್ ಮುಟ್ಟಿ ನೋಡುತ್ತಿದ್ದೆ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿಯಿತು.

ಕೇಜ್ ಮಾಡಿಕೊಟ್ಟರೆ, ಗಾಡಿ ಒಂದು ದಿನ ಉರುಳುತ್ತೆ ಅಂತ ನಾನೇ ಒಪ್ಪಿಕೊಂಡ ಹಾಗೆ ಆಗುತ್ತಿತ್ತು. ಮಾಡದೇ ಇದ್ದರೆ ಗಾಡಿ ಶೆಡ್ಡಿನಲ್ಲೇ ಇರುತ್ತೆ, ನಿನಗೆ ಆಸೆ ಇಳಿಯುತ್ತೆ ಅಂದುಕೊಂಡೆ. ನಿನ್ನ ಆಸೆ ಇಳಿಯುವ ಜಾತಿಯದಲ್ಲ ಅಂತ ಗೊತ್ತಾಗಬೇಕಿತ್ತು. ಪ್ರತಿ ಶನಿವಾರ ರಾತ್ರಿ ಬಸ್ಸು ಹತ್ತಿ ಬಂದು, ಇಡೀ ಭಾನುವಾರ ಉಳಿ ಹಿಡಿದು ಕೂತು ಗಾಡಿಯ ತೂಕ ಇಳಿಸಲು ತಳದ ಟಾರ್ ಶೀಟ್ ಕೆರೆದವಳು ನೀನು. ಕೆರೆದದ್ದನ್ನು ಗೋಣಿಚೀಲಕ್ಕೆ ತುಂಬಿ, ಕಾಫಿ ತೂಗುವ ತಕ್ಕಡಿಗೆ ಹಾಕಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ '11 ಕೆಜಿ ಹೋಯ್ತು' ಅಂತ ಬರೆದೆ. ಅದನ್ನು ನಾನು ಅಳಿಸಿಲ್ಲ. ಶೆಡ್ಡಿಗೆ ಬಂದವರಿಗೆಲ್ಲ ತೋರಿಸಿದ್ದೇನೆ. ನಿನಗೆ ಮಾತ್ರ ಶಹಭಾಸ್ ಅಂತ ಒಂದು ಮಾತು ಹೇಳಲಿಲ್ಲ.

ನೀನು ಹೋದ ಮೇಲೆ ಹದಿನೈದು ದಿನ ಶೆಡ್ಡಿನ ಬಾಗಿಲು ತೆಗೆಯಲಿಲ್ಲ. ಆಮೇಲೆ ತೆಗೆದೆ. ನೀನು ಗೋಡೆಗೆ ಅಂಟಿಸಿದ್ದ, ಮೋಟಾರ್ ರೇಸುಗಳ ವಿಶ್ವ ಸಂಸ್ಥೆ ಎಫ್‌ಐಎ ನಿಯಮದ ಪುಟಗಳನ್ನು ನಿಘಂಟು ಇಟ್ಟುಕೊಂಡು ಓದಿದೆ. ಸೀಟಿನ ಹಿಂದೆ ನಿಲ್ಲುವ ಮುಖ್ಯ ಕಮಾನಿಗೆ 45 ಮಿ.ಮೀ. ಪೈಪು, 2.5 ದಪ್ಪ. ಉಳಿದದ್ದಕ್ಕೆ 38ರದ್ದು, ಅದೇ ದಪ್ಪ. ಸೀಮ್‌ಲೆಸ್ ಆಗಿರಬೇಕು, ತಣ್ಣಗಿರುವಾಗಲೇ ಬಗ್ಗಿಸಬೇಕು. ನಾವು ಗ್ರಿಲ್ಲಿಗೆ ಹಾಕುವ ಪೈಪಿನಲ್ಲಿ ಉದ್ದಕ್ಕೂ ಒಂದು ಜೋಡಣೆಯ ಗೆರೆ ಇರುತ್ತೆ. ಇದರಲ್ಲಿ ಅದು ಇರಬಾರದು. ನನ್ನ ಬೆಂಡಿಂಗ್ ಮೆಷಿನ್ನಿನಲ್ಲಿ ಪೈಪು ಬಗ್ಗುವ ಕಡೆ ಚಪ್ಪಟೆಯಾಗುತ್ತಿತ್ತು. ಅದಕ್ಕೆ ಆರು ಮಿ.ಮೀ. ರಾಡನ್ನು ಗಾಡಿಯ ಒಳಗೆ ಹಿಡಿದು ಅಚ್ಚು ಬಗ್ಗಿಸಿಕೊಂಡು ಪೀಣ್ಯಕ್ಕೆ ಹೋದೆ. ಅಲ್ಲೇ ಪೈಪು ತಗೊಂಡು, ಬೆಂಡ್ ಮಾಡಿಸಿ, ಲಾರಿಗೆ ಹಾಕಿ ಕಳಿಸಿದೆ.

ಹೌದು, ಬೆಂಗಳೂರಿಗೆ ಬಂದಿದ್ದೆ. ಮೆಜೆಸ್ಟಿಕ್‌ನಲ್ಲಿ ಎರಡು ಗಂಟೆ ಫೋನ್ ಕೈಯಲ್ಲಿ ಹಿಡಿದು ಕೂತಿದ್ದೆ. ಮಾಡಲಿಲ್ಲ. ಕೇಜ್ ಆಗಲಿ, ಆಮೇಲೆ ಮಾತಾಡುತ್ತೇನೆ ಅಂದುಕೊಂಡೆ. ಬಸ್ಸು ನೆಲಮಂಗಲ ದಾಟುವಾಗ ತಪ್ಪು ಮಾಡಿದೆ ಅನಿಸಿತು.

ವೆಲ್ಡಿಂಗ್ ನನಗೆ ಮೂವತ್ತು ವರ್ಷದ ಕೆಲಸ. ಆದರೆ ಇದಕ್ಕೆ ನನ್ನ ರಾಡ್ ವೆಲ್ಡಿಂಗ್ ಬೇಡ ಅನಿಸಿತು. ಚಿಕ್ಕಮಗಳೂರಿನಲ್ಲಿ ಪರಿಚಯದವರ ಶೆಡ್ಡಿಗೆ ಹೋಗಿ ಆರ್ಗಾನ್ ವೆಲ್ಡಿಂಗ್ ಕಲಿತೆ. ನನಗಿಂತ ಅರ್ಧ ವಯಸ್ಸಿನ ಹುಡುಗ ಹೇಳಿಕೊಟ್ಟ. ಇಪ್ಪತ್ತೆರಡು ಜಾಯಿಂಟ್ ಮಾಡಿ ಇಪ್ಪತ್ತೆರಡನ್ನೂ ಕೊಯ್ದು ನೋಡಿದೆ. ಮೊದಲ ಒಂಬತ್ತು ಮೇಲಿನಿಂದ ಚೆನ್ನಾಗಿ ಕಂಡವು, ಒಳಗೆ ಹಿಡಿದಿರಲಿಲ್ಲ. ನಿನಗೆ ಕಳಿಸಿರುವುದು ಇಪ್ಪತ್ತೆರಡನೆಯದು.

ಕಷ್ಟ ಆದದ್ದು ಮೇಲ್ಗಡೆ. ಛಾವಣಿಗೂ ಪೈಪಿಗೂ ನಡುವೆ ಬೆರಳು ಹೋಗುವಷ್ಟೇ ಜಾಗ. ಕೆಳಗಿನಿಂದ ಕಾಣುವಷ್ಟನ್ನು ಮಾತ್ರ ವೆಲ್ಡ್ ಮಾಡಿ ಮೇಲಿನದನ್ನು ಬಿಟ್ಟುಬಿಟ್ಟರೆ ಯಾರಿಗೂ ಗೊತ್ತಾಗಲ್ಲ. ಗಾಡಿ ತಲೆಕೆಳಗಾದಾಗ ಗೊತ್ತಾಗುತ್ತೆ. ಎರಡು ರಾತ್ರಿ ಇದೇ ಯೋಚನೆ. ಕೊನೆಗೆ ಗಾಡಿಯನ್ನು ಎತ್ತರಕ್ಕೆ ಸ್ಟ್ಯಾಂಡ್ ಮೇಲೆ ಕೂರಿಸಿ, ಕೇಜಿನ ಕಾಲು ಬರುವ ಕಡೆ ಫ್ಲೋರಿಗೆ ತೂತು ಕೊಯ್ದೆ. ಜಾಯಿಂಟಿಗೆಲ್ಲ ಸದ್ಯಕ್ಕೆ ಹಿಡಿದು ನಿಲ್ಲುವಷ್ಟು ಟ್ಯಾಕ್ ಹೊಡೆದು, ಇಡೀ ಕೇಜನ್ನು ಆ ತೂತುಗಳಲ್ಲಿ ಕೆಳಗೆ ಇಳಿಸಿದೆ. ಮೇಲೆ ಒಂದಡಿ ಜಾಗ ಸಿಕ್ಕಿತು. ಪೈಪಿನ ಸುತ್ತಲೂ, ಮೇಲೂ ಕೆಳಗೂ, ಪೂರ್ತಿ ವೆಲ್ಡ್ ಆಯಿತು. ಮತ್ತೆ ಎತ್ತಿ, ತೂತುಗಳ ಮೇಲೆ 3 ಮಿ.ಮೀ. ಪ್ಲೇಟ್ ಕೂರಿಸಿ, ಕಾಲು ನಿಲ್ಲಿಸಿದೆ. ಅಮ್ಮ ಜಾಕಿ ಹೊಡೆದಳು. ಅಷ್ಟು ಹೊತ್ತು ಅವಳೇನೂ ಕೇಳಲಿಲ್ಲ. ಮುಗಿದ ಮೇಲೆ, ಇಷ್ಟು ಗಟ್ಟಿ ಇದ್ದರೆ ಸಾಕಲ್ವಾ ಅಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಆ ಟಾರ್ಚ್ ಹಿಡಿದವನು ಇನ್ನೂ ಕಣ್ಣಿಗೆ ಬರುತ್ತಾನೆ. ಮೇಲಿನ ಜಾಯಿಂಟ್ ಮಾಡುವಾಗ ಶೆಡ್ಡಿನ ಲೈಟ್ ಕೈಯಲ್ಲಿ ಹಿಡಿದಿದ್ದವಳು ಅಮ್ಮ. ಒಮ್ಮೆ ತಿರುಗಿ ನೋಡಿದೆ. ಅವಳ ಕೈಯೂ ಅಲುಗುತ್ತಿರಲಿಲ್ಲ. ಕೆಲಸ ನಿಲ್ಲಿಸಿ ಹೊರಗೆ ಹೋಗಿ ಸ್ವಲ್ಪ ಹೊತ್ತು ಮಳೆಯಲ್ಲಿ ನಿಂತಿದ್ದೆ.

ಈಗ ಕೆಲವು ಮಾತು. ಬೇಸರ ಮಾಡಿಕೊಳ್ಳಬೇಡ. ಭುಜದ ಬೆಲ್ಟು ಸೀಟಿನಿಂದ ಹಿಂದಕ್ಕೆ ಸ್ವಲ್ಪವೇ ಇಳಿಜಾರಾಗಿ ಹೋಗಬೇಕು. ಫ್ಲೋರಿಗೆ ಎಳೆದು ಕಟ್ಟಿದರೆ ಏಟು ಬಿದ್ದಾಗ ಬೆನ್ನುಮೂಳೆ ಅದುಮುತ್ತೆ. ಅದಕ್ಕೆಂದೇ ಅಡ್ಡ ಬಾರ್ ಹಾಕಿದ್ದೇನೆ. ತಲೆ ತಾಗುವ ಕಡೆಯೆಲ್ಲ ಪ್ಯಾಡಿಂಗ್ ಹಾಕಿಸು. ಕೇಜ್ ಇರುವ ಗಾಡಿಯನ್ನು ಹೆಲ್ಮೆಟ್ ಇಲ್ಲದೆ ಅಂಗಡಿಗೂ ಓಡಿಸಬೇಡ. ಸಣ್ಣ ಡಿಕ್ಕಿಯಾದರೂ ತಲೆ ನೇರ ಪೈಪಿಗೇ ಹೋಗುತ್ತೆ. ಹೆಲ್ಮೆಟ್ ಸೆಕೆಂಡ್ ಹ್ಯಾಂಡ್ ಬೇಡ. ಒಮ್ಮೆ ಬಿದ್ದ ಹೆಲ್ಮೆಟ್ ಹೊರಗೆ ಏನೂ ತೋರಿಸಲ್ಲ. ಬ್ರೇಕ್ ಪೈಪು, ಪೆಟ್ರೋಲ್ ಪೈಪು ಎರಡನ್ನೂ ಗಾಡಿಯ ಒಳಗಿನಿಂದ ಒಯ್ಯುತ್ತೇನೆ ಅಂದಿದ್ದೆಯಲ್ಲ, ಅದು ಸರಿ, ಎಸ್ಟೇಟ್ ರಸ್ತೆಯ ಕಲ್ಲು ನನಗೆ ಗೊತ್ತು. ಆದರೆ ಕ್ಯಾಬಿನ್ ಒಳಗೆ ಎಲ್ಲೂ ಜೋಡಣೆ ಬೇಡ, ಒಂದೇ ಪೈಪಾಗಿ ಹೋಗಲಿ. ಬ್ಯಾಟರಿ ಕಟ್ ಆಫ್ ಸ್ವಿಚ್ಚು ಒಳಗಿನಿಂದಲೂ ಹೊರಗಿನಿಂದಲೂ ಸಿಗಬೇಕು. ಹೊರಗೆ ನಿಂತವನಿಗೆ ಸಿಗಬೇಕು, ಅದು ಮುಖ್ಯ. ಶಾಕ್ ಅಬ್ಸಾರ್ಬರ್‌ಗೆ ಕಾರ್ಡಿನಲ್ಲಿ ಕಂತು ಕಟ್ಟುತ್ತಿದ್ದೀಯ ಅಂತ ಅಮ್ಮ ಹೇಳಿದಳು. ಅದು ನನಗೆ ಇಷ್ಟ ಇಲ್ಲ. ಸಾಲ ತಲೆಯಲ್ಲಿದ್ದರೆ ತಿರುವಿನಲ್ಲಿ ಬ್ರೇಕ್ ತಡವಾಗಿ ಹಾಕುತ್ತೀಯ, ಗಾಡಿ ಮುರಿದರೂ ಮುಗಿಸಲು ನೋಡುತ್ತೀಯ. ಎಷ್ಟು ಬಾಕಿ ಇದೆ ಹೇಳು. ಪಕ್ಕದ ಸೀಟಿನಲ್ಲಿ ಪೇಸ್ ನೋಟ್ಸ್, ಅಂದರೆ ಮುಂದಿನ ತಿರುವುಗಳ ಟಿಪ್ಪಣಿ, ಓದುವ ನಿನ್ನ ಗೆಳತಿಯ ಅಪ್ಪ ಅಮ್ಮನ ಹತ್ತಿರ ನೀನೇ ಹೋಗಿ ಮಾತಾಡಿದ್ದೀಯಾ? ಅವಳು ತಲೆ ತಗ್ಗಿಸಿ ಪುಸ್ತಕ ನೋಡುತ್ತಾ ಕೂತಿರುತ್ತಾಳೆ. ರಸ್ತೆ ನೋಡುವವಳು ನೀನೊಬ್ಬಳೇ. ರಾತ್ರಿಯಿಡೀ ಕೆಲಸ ಮಾಡಿ ಬೆಳಗ್ಗೆ ಸ್ಟಾರ್ಟ್ ಲೈನಿಗೆ ಹೋಗಬೇಡ. ಊಟ ಮಾಡು.

ಜಾಸ್ತಿ ಆಯಿತು, ಗೊತ್ತು. ಇದರಲ್ಲಿ ಅರ್ಧ ನೀನೇ ನನಗೆ ಹೇಳಿಕೊಟ್ಟದ್ದು.

ನೀನು ಹೇಳುತ್ತಿದ್ದ ಆ ಫ್ರಾನ್ಸಿನ ಮಿಶೆಲ್ ಮೂಟನ್ ಅವರ ವಿಷಯ ಕೂತು ನೋಡಿದೆ. 1981ರಲ್ಲಿ ಸ್ಯಾನ್ ರೆಮೊ ಗೆದ್ದದ್ದು, ವಿಶ್ವ ರ‍್ಯಾಲಿಯಲ್ಲಿ ಒಂದು ಸುತ್ತು ಗೆದ್ದ ಮೊದಲ ಹೆಣ್ಣುಮಗಳು ಅನ್ನುವುದು ನೀನೇ ಹೇಳಿದ್ದೆ. ಅವರ ಅಪ್ಪನ ವಿಷಯ ಹೇಳಿರಲಿಲ್ಲ. ಮೊದಲು ಅವರೂ ಪಕ್ಕದ ಸೀಟಿನಲ್ಲಿ ನೋಟ್ಸ್ ಓದುತ್ತಿದ್ದವರಂತೆ. ಓಡಿಸುವುದಾದರೆ ನೀನೇ ಓಡಿಸು ಅಂತ ಅಪ್ಪ ಕಾರು ಕೊಡಿಸಿ, ಒಂದು ವರ್ಷ ಖರ್ಚು ನೋಡಿಕೊಳ್ಳುತ್ತೇನೆ, ಅಷ್ಟರಲ್ಲಿ ತೋರಿಸು ಅಂದರಂತೆ. ನೀನು ಅದನ್ನು ಓದಿಲ್ಲದೆ ಇರಲಾರೆ. ನನಗೆ ನೋವಾಗಬಾರದು ಅಂತ ಬಿಟ್ಟೆ, ಅಲ್ವಾ? ಅವರು ಮಗಳಿಗೆ ಒಂದು ವರ್ಷ ಕೊಟ್ಟರು. ನಾನು ನಿನ್ನ ಎಂಟು ತಿಂಗಳು ತಿಂದೆ.

ನನ್ನ ಭಯ ಹೋಗಿಲ್ಲ. ಹೋಗಿದೆ ಅಂತ ಬರೆದರೆ ಸುಳ್ಳಾಗುತ್ತೆ. ನೀನು ಓಡಿಸುವ ದಿನ ನಾನು ಬರುತ್ತೇನೋ ಇಲ್ಲವೋ, ಅದೂ ಗೊತ್ತಿಲ್ಲ. ಆದರೆ ಆ ಕಾರಿನ ಅಪ್ಪನಿಗೆ ಗೊತ್ತಿರಲಿಲ್ಲ, ತಗಡಿನ ಒಳಗೆ ಏನಿದೆ ಅಂತ. ನಿನ್ನ ಗಾಡಿಯ ಒಳಗೆ ಏನಿದೆ ಅಂತ ನನಗೆ ಇಂಚಿಂಚೂ ಗೊತ್ತು.

ಟ್ರಕ್ ಕಳಿಸುವುದಾದರೆ ಕಳಿಸು. ಜೊತೆಗೆ ನೀನೂ ಬಾ. ಕೇಜಿಗೆ ಪೇಂಟ್ ಹೊಡೆದಿಲ್ಲ, ಪ್ರೈಮರ್ ಕೂಡ ಹಾಕಿಲ್ಲ. ಪೇಂಟ್ ಬಿದ್ದರೆ ವೆಲ್ಡು ಮುಚ್ಚಿಹೋಗುತ್ತೆ. ಮೊದಲು ನೀನು ಒಂದೊಂದು ಜಾಯಿಂಟೂ ಕೈಯಿಂದ ಸವರಿ ನೋಡಬೇಕು. ಯಾವುದು ಒಪ್ಪಿಗೆಯಾಗಲ್ಲವೋ ಅದಕ್ಕೆ ಸೀಮೆಸುಣ್ಣದ ಗುರುತು ಹಾಕು, ಅಲ್ಲೇ ಕೊಯ್ದು ಮತ್ತೆ ಮಾಡುತ್ತೇನೆ. ಬಣ್ಣ ಯಾವುದು ಅಂತ ನೀನೇ ಹೇಳು. ಇಲ್ಲಿ ಮಳೆ ಹಿಡಿದು ಎಂಟು ದಿನ ಆಯಿತು, ಬರೀ ಕಬ್ಬಿಣ ಸುಮ್ನೆ ಇರಲ್ಲ. ದಿನಾ ರಾತ್ರಿ ಮಲಗುವ ಮುಂಚೆ ಎಣ್ಣೆ ಬಟ್ಟೆಯಲ್ಲಿ ಒರೆಸಿ ಬರುತ್ತಿದ್ದೇನೆ. ಇನ್ನು ಎರಡು ವಾರಕ್ಕಿಂತ ಜಾಸ್ತಿ ತಡೆಯಲ್ಲ, ತುಕ್ಕು ಏಳುತ್ತೆ.

ಇಂತಿ,
ನಿನ್ನ ಅಪ್ಪ